ಸ್ಟೆಲ್ಲಕ್ಕನ ಹಳದಿ ಫೈಲು

ಕಂಪನಿಯ ಮೇಲೆ ಮೊಕದ್ದಮೆ ಹೂಡಬಹುದಿತ್ತು. ಆ ರಾಜ್ಯದಲ್ಲಿ ವ್ಯಾಪಾರವನ್ನೇ ನಿಲ್ಲಿಸಬಹುದಿತ್ತು. ಉಳಿದ ರಾಜ್ಯಗಳವರೂ ಜೊತೆಗೂಡಬಹುದಿತ್ತು. ಗ್ರಾಹಕರಿಗೆ ಆ ಪತ್ರ ಬರೆದವನು ಯಾರೆಂದು ಕೇಳಬಹುದಿತ್ತು, ಬರೆದವನು ನಾನು. ಕೆಲಸ ಹೋಗಬಹುದಿತ್ತು, ಅದರ ಹಿಂದೆ ವೀಸಾ, ವೀಸಾದ ಹಿಂದೆ ಹೌನ್ಸ್ಲೋದ ಫ್ಲ್ಯಾಟು, ಮಗಳ ಶಾಲೆ. ಅಮೆರಿಕದ ಗ್ರಾಹಕರನ್ನೇ ನಂಬಿಕೊಂಡಿದ್ದ ಲಂಡನ್ನಿನ ನಮ್ಮ ಕ್ಯಾನರಿ ವಾರ್ಫ್ ಆಫೀಸಿಗೆ ಅಲ್ಲಿನ ಒಂದು ರಾಜ್ಯದ ಅಟಾರ್ನಿ ಜನರಲ್‌ರಿಂದ ಕಾಗದ ಬಂದ ದಿನ, ಊಟದ ಹೊತ್ತಿಗೆಲ್ಲ ನಾನು ಇಷ್ಟನ್ನೂ ಅನುಭವಿಸಿ ಮುಗಿಸಿದ್ದೆ. ಗ್ರಾಹಕರಿಗೆ ಕಳಿಸಿದ ಪತ್ರದಲ್ಲಿ ಸೇವೆ ರದ್ದು ಮಾಡುವ ದಾರಿಯನ್ನು ಸಣ್ಣಕ್ಷರದಲ್ಲಿ ಅಡಗಿಸಿದ್ದೀರಿ ಎಂಬುದು ದೂರು.

ಎದುರು ಮೇಜಿನ ಸ್ಟೆಲ್ಲಕ್ಕ ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು, ಅಸಲಿಯೋ ನಕಲಿಯೋ ಎಂದು. ಉಡುಪಿಯವರು, ನಿವೃತ್ತಿಗೆ ಒಂದು ತಿಂಗಳಿತ್ತು. ಕಂಪನಿ ಕಾನೂನು ಮೀರದಂತೆ ನೋಡಿಕೊಳ್ಳುವುದು ಅವರ ಕೆಲಸ, ಯಾರನ್ನೂ ನಂಬದಿರುವುದು ಸ್ವಭಾವ.

"ನಮ್ಮ ಅಡ್ವೊಕೇಟ್ ಜನರಲ್ ಥರಾನೇನಕ್ಕ ಇವ್ರು?" ಎಂದೆ.

"ಅಲ್ಲ ಮಾರಾಯ್ರೆ. ನಮ್ಮಲ್ಲಿ ನೇಮಕ ಮಾಡುದು, ಅಲ್ಲಿ ಹೆಚ್ಚಿನ ಕಡೆ ಜನ ಓಟು ಹಾಕಿ ಆರಿಸುದು. ರಾಜ್ಯದ ವಕೀಲರೂ ಅವರೇ, ಗ್ರಾಹಕರಿಗೆ ಮೋಸ ಆದ್ರೆ ಕೇಳುವವರೂ ಅವರೇ. ಕೇಸು ಹಾಕುವ ಮೊದಲೇ ಕಾಗದಪತ್ರ ತರಿಸ್ಲಿಕ್ಕೆ ಅಧಿಕಾರ ಉಂಟು. ನೀವು ಒಂದು ಇಮೇಲೂ ಅಳಿಸ್ಬೇಡಿ."

"ನಾನ್ಯಾಕೆ ಅಳಿಸ್ಲಿ?"

"ನಿಮ್ಮ ಮುಖ ನೋಡಿದ್ರೆ ಅಳಿಸುವವರ ಹಾಗೆ ಉಂಟು."

ಅಂದಿನಿಂದ ಅವರು ನನ್ನ ಹಳೆಯ ಇಮೇಲುಗಳನ್ನು ಹುಡುಕಿ, ಮುದ್ರಿಸಿ, ಹಳದಿ ಫೈಲೊಂದಕ್ಕೆ ಸೇರಿಸತೊಡಗಿದರು. ನಾನು ಹತ್ತಿರ ಹೋದರೆ ಫೈಲು ಮುಚ್ಚಿಕೊಳ್ಳುತ್ತಿತ್ತು.

"ಏನಕ್ಕ ಅದು?"

"ನೀವೇ ಬರೆದದ್ದು. ಹೆದರಿಕೆ ಎಂತಕ್ಕೆ?"

ಹೆದರಿಕೆಯೇ ನನ್ನ ಕಸುಬು. ಬಲಿ ಕೊಡಲು ನನ್ನನ್ನೇ ಸಿದ್ಧಗೊಳಿಸುತ್ತಿದ್ದಾರೆ ಎಂದುಕೊಂಡು ಮಾತು ಬಿಟ್ಟೆ. ಗುಡ್ ಮಾರ್ನಿಂಗ್ ಅನ್ನುವಾಗಲೂ ಸಾಕ್ಷಿಗೆ ಮೂರನೆಯವರು ಇದ್ದಾರೆಯೇ ಎಂದು ನೋಡುತ್ತಿದ್ದೆ. ತಿಂಗಳು ಮುಗಿಯಿತು, ಅವರು ನಿವೃತ್ತರಾಗಿ ಊರಿಗೆ ಹೋದರು.

ಮರುವಾರ ಕಂಪನಿಯ ವಕೀಲರು ನನ್ನನ್ನು ಕರೆದರು. ಮೇಜಿನ ಮೇಲೆ ಹಳದಿ ಫೈಲು. ಒಳಗೆ ನಾನು ಮೇಲಧಿಕಾರಿಗಳಿಗೆ ಬರೆದಿದ್ದ ಮೂರು ಇಮೇಲುಗಳು: "ರದ್ದತಿಯ ಈ ಸಾಲು ದೊಡ್ಡದಾಗಿ ಕಾಣಬೇಕು. ದಯವಿಟ್ಟು ಬದಲಿಸಿ." ಮೂರಕ್ಕೂ "ಬೇಡ" ಎಂಬ ಉತ್ತರ. ಎಲ್ಲದಕ್ಕೂ ಹೆದರುವವನಾದ್ದರಿಂದ ಇದಕ್ಕೂ ಹೆದರಿ ಬರೆದಿದ್ದೆ, ಆಮೇಲೆ ಮರೆತಿದ್ದೆ. ಫೈಲಿನ ಮೇಲೊಂದು ಚೀಟಿ, ಸ್ಟೆಲ್ಲಕ್ಕನ ಕೈಬರಹ: "ಇವರು ಮೊದಲೇ ಹೇಳಿದ್ದರು. ಯಾರೂ ಕೇಳಲಿಲ್ಲ."

ಪತ್ರ ತಿದ್ದುತ್ತೇವೆಂದು ಕಂಪನಿ ಅಟಾರ್ನಿ ಜನರಲ್‌ರಿಗೆ ಬರೆದುಕೊಟ್ಟಿತು. ಪ್ರಕರಣ ಮುಗಿಯಿತು. ಕೆಲಸ, ವೀಸಾ, ಫ್ಲ್ಯಾಟು ಎಲ್ಲವೂ ಇದ್ದಲ್ಲೇ ಇವೆ.

ಎಡವಟ್ಟಾದದ್ದು ಇಷ್ಟೇ: ಸ್ಟೆಲ್ಲಕ್ಕನ ಬೀಳ್ಕೊಡುಗೆಯ ಕಾರ್ಡಿನಲ್ಲಿ ಎಲ್ಲರೂ ಪ್ರೀತಿಯಿಂದ ಏನೇನೋ ಬರೆದಿದ್ದರು. ನಾನು, ಇದೂ ಆ ಹಳದಿ ಫೈಲಿಗೆ ಸೇರೀತೆಂದು ಹೆದರಿ, ಬಹಳ ಯೋಚಿಸಿ ಹೆಸರು, ತಾರೀಖು ಹಾಕಿ, ಕೆಳಗೆ ಬರೆದಿದ್ದೆ: "ಓದಿದ್ದೇನೆ."