ಅಪ್ಪ ಎರೆದ ನೀರು

ನಿಮ್ಮಪ್ಪನಿಗೆ ಕೂಸಿಗೆ ಎರೆಯುವುದನ್ನು ಕಲಿಸಿದವಳು ನಾನು. ಮೊಮ್ಮಕ್ಕಳು ನೀವಿಬ್ಬರೂ ಇದನ್ನು ನಂಬಲಿಕ್ಕಿಲ್ಲ. ಮನೆಗೆ ಯಾರಾದರೂ ಬಂದರೆ ಅಡುಗೆಮನೆ ಸೇರುವವಳು ನಾನು. ಕಮಠಾಣದ ಸಾಲೆಯಲ್ಲಿ ಓದುವಾಗ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಬಾಯಿಂದ ಬಾರದ್ದು ಕೈಯಿಂದ ಬಂದೀತೆಂದು ಬರೆಯುತ್ತಿದ್ದೇನೆ.

ನಿಮ್ಮಲ್ಲಿ ದೊಡ್ಡವಳು ಹುಟ್ಟಿದ್ದು ಬೀದರಿನ ಆಸ್ಪತ್ರೆಯಲ್ಲಿ. ಅಲ್ಲಿಂದ ತಾಯಿ ಮಗು ಬಾಣಂತನಕ್ಕೆಂದು ಭಾಲ್ಕಿಯ ತವರಿಗೆ, ನಿಮ್ಮ ಆಯಿಯ ಮನೆಗೆ ಹೋದರು. ನಿಮ್ಮವ್ವ ಆಗಲೂ ಬಸ್ಸಿನ ಕಂಡಕ್ಟರ್. ನಿಮ್ಮಪ್ಪ ಆಗಲೂ ಔರಾದಿನ ಇದೇ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ. ನಿಮ್ಮಜ್ಜ ತೀರಿಕೊಂಡಿದ್ದರು. ಅದರ ಮೇಲೆ ನಾನು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದೆ. ಎಲುಬು ಕೂಡಿಕೊಂಡಿತು, ಆದರೆ ಸೊಟ್ಟಗೆ. ರೊಟ್ಟಿ ಬಡಿಯುವುದು ಹೇಗೋ ನಡೆಯುತ್ತಿತ್ತು. ಎಣ್ಣೆ ಹಚ್ಚಿದ ಕೂಸನ್ನು ಎತ್ತುವ ಬಲ ಅದಕ್ಕಿರಲಿಲ್ಲ.

ನಿಮ್ಮವ್ವನ ರಜೆ ಮುಗಿಯುತ್ತ ಬಂದಾಗ, ಕೂಸನ್ನು ಕರೆತರುವ ದಿನ ಗೊತ್ತು ಮಾಡಲು ನಾವು ತಾಯಿ ಮಗ ಭಾಲ್ಕಿಗೆ ಹೋದೆವು. ಆಯಿ ಚಹಾ ಕೊಟ್ಟು ಎದುರಿಗೆ ಕುಳಿತರು.

“ಕರ್ಕೊಂಡು ಹೋಗ್ತೀರಿ, ಖರೆ. ಎರೆಯೋರು ಯಾರ್ರಿ? ಬೀಗತಿ ಕೈ ಹಿಂಗದ. ಇಕಿ ದಿನಾ ಬಸ್ಸಿನಾಗ ಇರ್ತಾಳ. ಕೂಸು ನಡ್ಯೂತನ ಇಲ್ಲೇ ಇರ್ಲಿ. ಐತಾರಕ್ಕೊಮ್ಮಿ ಬಂದು ನೋಡಿ ಹೋಗ್ರಿ.”

“ನಾ ಎರೀತೇನ್ರಿ ಅತ್ತಿ,” ಎಂದ ನಿಮ್ಮಪ್ಪ.

“ನೀವು?” ಆಯಿ ಸೆರಗು ಬಾಯಿಗೆ ಹಿಡಿದು ನಕ್ಕರು. “ಅಳಿಯಾರ, ಅದು ಪೈಜಾಮ ಅಲ್ರಿ, ಇಸ್ತ್ರಿ ಹೊಡ್ದು ಮಡಚಿ ಇಡ್ಲಾಕ.”

ಆಯಿಯ ಮಾತು ತಪ್ಪೆಂದು ನನಗೆ ಅನ್ನಿಸಲಿಲ್ಲ. ಆದರೆ ಲೋಟ ಇಡಲು ಅಡುಗೆಮನೆಗೆ ಹೋದಾಗ ನಿಮ್ಮವ್ವ ನನ್ನ ಹಿಂದೆಯೇ ಬಂದಳು. “ಅತ್ತಿ, ಕೂಸು ಇಲ್ಲೇ ಉಳೀತಂದ್ರ ನಾ ನೌಕರಿ ಬಿಡ್ತೇನಿ. ಅದನ್ನ ಬಿಟ್ಟು ನನಗ ಇರ್ಲಿಕ್ಕಾಗೂದಿಲ್ಲ,” ಎಂದಳು. ಆ ನೌಕರಿಗಾಗಿ ಅವಳು ಪಟ್ಟ ಪಾಡು ನನಗೆ ಗೊತ್ತಿತ್ತು. ಮೊದಲ ದಿನ ಖಾಕಿ ಹಾಕಿಕೊಂಡು ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತಿದ್ದಳೆಂಬುದೂ ಗೊತ್ತಿತ್ತು. ಲೋಟ ತೊಳೆದು ಬೋರಲಿಟ್ಟೆ.

ಕೊನೆಗೆ ಆಯಿಯೇ ಒಂದು ದಾರಿ ಹೇಳಿದರು. “ನಾ ಸಂಗಟ ಬರ್ತೇನಿ. ಇಕಿ ಡ್ಯೂಟಿಗಿ ಹೋಗೂ ದಿನ ನೀವು ಎರೆದು ತೋರ್ಸ್ರಿ. ನನ್ನ ಮನಸ್ಸಿಗಿ ಬಂತಂದ್ರ ಬಿಟ್ಟು ಬರ್ತೇನಿ. ಇಲ್ಲಂದ್ರ ಕೂಸಿನ ಎತ್ಕೊಂಡು ಭಾಲ್ಕಿ ಬಸ್ ಹತ್ತತೇನಿ. ಆಮ್ಯಾಲ ಸಿಟ್ಟಾಗಬ್ಯಾಡ್ರಿ.”

ತಿರುಗಿ ಬರುವಾಗ ನಿಮ್ಮಪ್ಪ ಕಿಟಕಿಯ ಹೊರಗೆ ತೊಗರಿ ಹೊಲಗಳನ್ನು ನೋಡುತ್ತ ಕುಳಿತಿದ್ದ. ಅಂಜಿದ್ದಾನೆಂದು ತಿಳಿದೆ. ಅವನ ತಲೆಯಲ್ಲಿ ಇದ್ದದ್ದೇ ಬೇರೆ.

“ಅವ್ವಾ, ಕೂಸಿನ ಸಾಲಿ ಯೂನಿಫಾರ್ಮ್ ನಾನೇ ಹೊಲೀತೇನಿ. ದೊಡ್ಡ ಜೇಬು ಇಡ್ತೇನಿ. ಹುಡುಗ್ಯಾರ ಅಂಗಿಗಿ ಯಾರೂ ಜೇಬೇ ಇಡೂದಿಲ್ಲ ನೋಡು.”

“ಮೊದ್ಲು ಎರೀಲಾಕ ಕಲಿ,” ಎಂದೆ.

ಕಲಿಸುವುದು ಮಾತ್ರ ನಾನೆಣಿಸಿದಂತೆ ಇರಲಿಲ್ಲ. ಎರೆಯುವುದೆಂದರೆ ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು ಎರಡೂ ಕಾಲು ನೀಡಿ ಕೂಡಿಸಬೇಕು. ಆ ಕಾಲಿನ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹಾಕಬೇಕು. ನಿಮ್ಮಪ್ಪನನ್ನು ನಾನು ಹಾಗೆಯೇ ಎರೆದು ಬೆಳೆಸಿದ್ದೆ. ಆದರೆ ಕೈ ತಾನಾಗಿ ಮಾಡಿದ ಕೆಲಸವನ್ನು ಮಾತಿನಲ್ಲಿ ಹೇಳೆಂದರೆ ನನಗೆ ಮೊದಲು ಬಾಯೇ ಬರಲಿಲ್ಲ. ನಿಮ್ಮಪ್ಪ ಸಂತೆಯಿಂದ ಒಂದು ಕುಂಬಳಕಾಯಿ ತಂದ. ಲುಂಗಿ ಎತ್ತಿ ಕಟ್ಟಿ, ಕಾಲು ನೀಡಿ, ಕಾಯಿಗೆ ಎಣ್ಣೆ ಹಚ್ಚಿದ. ಕಾಲು ಅಗಲವಾಗಿದ್ದುದು ನನಗೆ ಕಾಣುತ್ತಿತ್ತು. ಹೇಳಲೋ ಬೇಡವೋ ಎನ್ನುವಷ್ಟರಲ್ಲಿ ಅವನು ತಂಬಿಗೆಗೆ ಕೈ ಚಾಚಿದ. ಕಾಯಿ ಜಾರಿ ಕಲ್ಲಿಗೆ ಬಿದ್ದು ಎರಡು ಹೋಳಾಯಿತು.

ಪಕ್ಕದ ಮನೆಯ ಚಾಚಿ ಸದ್ದು ಕೇಳಿ ಗೋಡೆಯ ಮೇಲಿಂದ ಇಣುಕಿದಳು. “ಯಾ ಅಲ್ಲಾ! ಟೇಲರ್ ಸಾಬ್, ನಿಮ್ ಬೇಟಿ ಪಲ್ಯಾ ಆದ್ಲಲ್ಲ!”

ನಿಮ್ಮಪ್ಪನೂ ನಕ್ಕ. ಆದರೆ ಕಾಯಿಯ ಬೀಜವನ್ನೆಲ್ಲ ಆರಿಸಿ ಮುಗಿದರೂ ಮಣೆ ಬಿಟ್ಟು ಏಳಲಿಲ್ಲ. ಅದನ್ನು ಕಂಡು ನನಗೆ ನನ್ನ ಮೇಲೇ ಸಿಟ್ಟು ಬಂತು. ಮರುದಿನ ಜೋಳದ ಹಿಟ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಕೂಸಿನಷ್ಟು ಭಾರ ಮಾಡಿ, ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ.

“ಕಾಲು ಕೂಡ್ಸು. ಇನ್ನೂ ಕೂಡ್ಸು. ಬೆರಳು ನಿನ್ನ ಕಡಿ ಎಳ್ಕೊ. ಗಟ್ಟಿ ಹಿಡೀಬ್ಯಾಡ, ಹಿಡಿದಷ್ಟೂ ಜಾರ್ತದ. ಕಾಲೇ ತೊಟ್ಟಿಲ ಆಗಬೇಕು, ಕೈ ಬರೇ ಕಾಯಬೇಕು.”

ಮಾತು ಮುಗಿದ ಮೇಲೆ ಗೋಡೆಯಾಚೆ ಚಾಚಿ, “ಇವತ್ತ ಯಾರ್ ಬಂದಾರ ನಿಮ್ಮನಿಗಿ?” ಎಂದು ಕೇಳಿದಳು. ಅವಳಿಗೆ ನನ್ನ ದನಿಯ ಗುರುತೇ ಸಿಕ್ಕಿರಲಿಲ್ಲ.

ಎರೆಯುವಾಗ ಹಿರಿಯರು ಹೇಳುವ ಮಾತುಗಳನ್ನೂ ಕಲಿಸಿದೆ. ಒಂದೊಂದು ಅಂಗ ತಿಕ್ಕುವಾಗ ಒಂದೊಂದು. “ತಲಿ ಗುಂಡಗಾಗ್ಲಿ. ಮೂಗು ನೆಟ್ಟಗಾಗ್ಲಿ. ದನಿ ಸಣ್ಣಾಗ್ಲಿ. ನಡಿಗಿ ಮೆತ್ತಗಾಗ್ಲಿ.”

ಅವನು ಹಿಟ್ಟಿನ ಗಂಟು ತಿಕ್ಕುವುದನ್ನು ನಿಲ್ಲಿಸಿದ. “ದನಿ ಯಾಕ ಸಣ್ಣಾಗಬೇಕು?”

“ಹೆಣ್ಣುಕೂಸಿಗಿ ಹಂಗೇ ಅಂತಾರ.”

“ನಿನಗೂ ಅಂದಿದ್ರೇನು?”

“ಅಂದಿರ್ಬೇಕು.”

ಅವನು ನನ್ನ ಮುಖ ನೋಡಿದ. ಮತ್ತೆ ತಿಕ್ಕತೊಡಗಿದ.

ಕೂಸು ಮನೆಗೆ ಬಂದ ಮಧ್ಯಾಹ್ನ ಬಿಸಿಲು ಜೋರಿತ್ತು. ಹೊಸ್ತಿಲಲ್ಲಿ ರೊಟ್ಟಿ ನೀವಾಳಿಸಲು ಓಣಿಯ ಮುತ್ತೈದೆ ಯಾರನ್ನಾದರೂ ಕರೆಯೋಣವೆಂದು ನಾನು ಒಳಗೇ ನಿಂತಿದ್ದೆ. ನಿಮ್ಮವ್ವ ಬಸ್ಸಿನಲ್ಲಿ ನಿಲ್ಲುವ ಹಾಗೆ ಕಾಲೂರಿ ನಿಂತು, “ಅತ್ತಿ, ನೀವೇ ಬರ್ರಿ. ಕೂಸು ಬಿಸಲಾಗ ಅದ,” ಎಂದಳು. ಹೋದೆ. ರೊಟ್ಟಿಯ ತುಣುಕು ನೀವಾಳಿಸಿ ಎರಡೂ ಕಡೆ ಒಗೆದೆ. ನಿಮ್ಮಪ್ಪ ತಾನೇ ಹೊಲಿದ ಕುಂಚಿಗೆಯನ್ನು ಕೂಸಿನ ತಲೆಗೆ ಹಾಕಿದ. ಆಯಿ ಅದರ ಒಳಬದಿ ಮಗುಚಿ ನೋಡಿದರು.

“ಇಷ್ಟು ಬಟ್ಟಿ ಯಾಕ ಒಳಗ ಮಡಚೀರಿ?”

“ಬೆಳೀತಾಳಲ್ರಿ ಅತ್ತಿ. ಹೊಲಿಗಿ ಬಿಚ್ಚಿಕೋತ ಹೋಗ್ತೇನಿ.”

ನಿಮ್ಮವ್ವ ಡ್ಯೂಟಿಗೆ ಹೋಗುವ ಬೆಳಿಗ್ಗೆ ಆಯಿ ತಮ್ಮ ಚೀಲ ಕಟ್ಟಿದರು. ಅದರ ಪಕ್ಕ ಕೂಸಿನ ಬಟ್ಟೆಯ ಚೀಲವನ್ನೂ ಕಟ್ಟಿಟ್ಟರು. ನಾವೆಲ್ಲ ಅದನ್ನು ನೋಡಿದೆವು. ನಿಮ್ಮವ್ವ ಖಾಕಿ ಹಾಕಿಕೊಂಡು ಟಿಕೆಟ್ ಮಷೀನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಳು. ನಿಮ್ಮಪ್ಪ ಮಣೆಯ ಮೇಲೆ ಕುಳಿತ. ಕಾಲು ಕೂಡಿಸಿದ. ಬೆರಳು ಎಳೆದುಕೊಂಡ. ಮೊಣಕೈಯಿಂದ ನೀರಿನ ಬಿಸಿ ನೋಡಿದ. ಕೂಸನ್ನು ಮಲಗಿಸಿ ಎಣ್ಣೆ ಹಚ್ಚುವ ತನಕ ಎಲ್ಲವೂ ಸರಿಯಿತ್ತು. ಮೊದಲ ತಂಬಿಗೆ ನೀರು ಬಿದ್ದದ್ದೇ ಕೂಸು ಚೀರಿತು. ಮೈ ಬಿಲ್ಲಿನಂತೆ ಬಾಗಿಸಿ, ಮುಖ ಕೆಂಪು ಮಾಡಿ, ಉಸಿರು ಹಿಡಿದು ಚೀರಿತು.

“ಕೊಡ್ರಿ ಇಲ್ಲಿ!” ಆಯಿ ಸೆರಗು ಸಿಕ್ಕಿಸಿ ಮುಂದೆ ಬಂದರು. ನಿಮ್ಮವ್ವ ಕಣ್ಣು ಮುಚ್ಚಿಕೊಂಡಳು. ನಿಮ್ಮಪ್ಪ ಕೂಸನ್ನು ಎತ್ತಲು ಎರಡೂ ಕೈ ಚಾಚಿದ. ಎಣ್ಣೆಗೈ, ಎಣ್ಣೆಮೈ. ಎತ್ತಿದರೆ ಜಾರುವುದು ನನಗೆ ಗೊತ್ತಿತ್ತು.

“ಎತ್ತಬ್ಯಾಡ!” ಎಂದೆ. “ಬೀಗತಿ, ನೀವು ಕೂಡ್ರಿ. ಆಕಿ ಅಳ್ಲಿ. ಕೂಸು ಅಳೂದೇ. ಮಗಾ, ನೀ ಆಕಿ ಎದಿಮ್ಯಾಲ ಕೈ ಇಟ್ಟು ಮಾತಾಡು.”

ಆಯಿ ನಿಂತಲ್ಲೇ ನಿಂತರು. ನನ್ನಿಂದ ಅಂಥ ದನಿ ಅವರು ಎಂದೂ ಕೇಳಿರಲಿಲ್ಲ. ನಿಮ್ಮಪ್ಪ ಕೂಸಿನ ಎದೆಯ ಮೇಲೆ ಅಂಗೈ ಇಟ್ಟ. ನಾನು ಎಡಗೈಯಿಂದ ತಂಬಿಗೆ ಹಿಡಿದು ಸಣ್ಣಗೆ ನೀರು ಬಿಟ್ಟೆ. ಅವನು ತಿಕ್ಕುತ್ತ ಹೇಳತೊಡಗಿದ.

“ತಲಿ ಗುಂಡಗಾಗ್ಲಿ. ಮೂಗು ಹ್ಯಾಂಗರ ಆಗ್ಲಿ, ನಡೀತದ. ದನಿ ದೊಡ್ಡದಾಗ್ಲಿ. ನಿಮ್ಮವ್ವನ ಬಸ್ಸಿನಾಗ ಹಿಂದಿನ ಸೀಟಿನ ತನಕ ಕೇಳ್ಲಿ. ಕಾಲು ಗಟ್ಟಿ ಆಗ್ಲಿ. ನಡಿಗಿ ಜೋರಾಗ್ಲಿ, ಬೀದರ ಕ್ವಾಟಿ ಒಂದ ದಮ್ಮಿಗಿ ಹತ್ಲಿ. ಕೈಯಾಗ ಕೆಲಸ ಇರ್ಲಿ. ಜೇಬಿನಾಗ ರೊಕ್ಕ ಇರ್ಲಿ.”

“ಜೇಬು ಎಲ್ಲಿದ್ರಿ ಅಳಿಯಾರ, ಕೂಸು ಬರೇ ಮೈಯಾಗ ಅದ,” ಎಂದರು ಆಯಿ. ಹೇಳಿದ ಮೇಲೆ ತಾವೇ ನಕ್ಕುಬಿಟ್ಟರು. ಅಷ್ಟು ಹೊತ್ತಿಗೆ ಕೂಸು ಅಪ್ಪನ ದನಿ ಕೇಳುತ್ತ ಅಳು ನಿಲ್ಲಿಸಿ ಬೆರಳು ಚೀಪುತ್ತಿತ್ತು.

ಕೊನೆಯ ತಂಬಿಗೆಯನ್ನು ಆಯಿ ನನ್ನ ಕೈಯಿಂದ ತೆಗೆದುಕೊಂಡರು. ಕೂಸಿಗೆ ನೀವಾಳಿಸಿ ದೃಷ್ಟಿ ತೆಗೆದು ನೀರು ಚೆಲ್ಲಿದರು. ಆಮೇಲೆ ಒಳಗೆ ಹೋಗಿ ಕೂಸಿನ ಚೀಲದ ಗಂಟು ಬಿಚ್ಚಿ, ಕುಂಚಿಗೆ ತೆಗೆದು ನಿಮ್ಮಪ್ಪನ ಹೆಗಲ ಮೇಲೆ ಹಾಕಿದರು. “ಕಿವಿ ಹಿಂದ ಛಂದಗ ಒರಸ್ರಿ. ಅಲ್ಲಿ ನೀರು ನಿಂದರ್ತದ,” ಎಂದರು. ಅಷ್ಟೇ.

ಅವತ್ತು ಅವರು ಮಗಳ ಬಸ್ಸಿನಲ್ಲೇ ಭಾಲ್ಕಿಗೆ ಹೋದರು. ಟಿಕೆಟ್ ಕೊಡುವಾಗ ನಿಮ್ಮವ್ವ, “ಆಧಾರ ಕಾರ್ಡ್ ತೋರ್ಸ್ರಿ,” ಎಂದಳಂತೆ. “ನಿನ್ನ ಹಡದಾಕಿ ನಾನು,” ಎಂದರಂತೆ ಆಯಿ. “ಹಡದೋರೂ ತೋರ್ಸಬೇಕು,” ಎಂದಳಂತೆ. ಬಸ್ಸೆಲ್ಲ ನಕ್ಕಿತಂತೆ.

ಮಧ್ಯಾಹ್ನ ಬಸ್ಸು ಔರಾದಿಗೆ ತಿರುಗಿ ಬಂದಾಗ ಅವಳು ಓಡುತ್ತ ಬಂದು ಕೂಸಿಗೆ ಹಾಲು ಕೊಟ್ಟು ಹೋದಳು. ಕೂಸಿನ ಮೈಯಿಂದ ಇನ್ನೂ ಎರೆದ ಮೇಲೆ ಹಾಕಿದ ಲೋಬಾನದ ಹೊಗೆಯ ವಾಸನೆ ಬರುತ್ತಿತ್ತು. ನಿಮ್ಮಪ್ಪ ಹೊಲಿಗೆ ಮಷೀನಿನ ಪಕ್ಕದಲ್ಲೇ ಕೂಸು ಮಲಗಲು ಬಟ್ಟೆಯ ಜೋಳಿಗೆ ಕಟ್ಟಿದ್ದ.

ಈಗ ದೊಡ್ಡವಳು ವರ್ಗದಲ್ಲಿ ಗದ್ದಲ ಮಾಡುತ್ತಾಳೆಂದು ಸಾಲೆಯಿಂದ ದೂರು ಬರುತ್ತದೆ. ಬರಲಿ. ಅದು ಅವಳಪ್ಪ ಬೇಡಿ ತಂದ ದನಿ, ನೀರು ಹಾಕಿದವಳು ನಾನು. ಆಯಿ ಭಾಲ್ಕಿಗೆ ಹೋದ ಮರುದಿನ ಬೆಳಿಗ್ಗೆ ಅವನು ಮತ್ತೆ ಮಣೆ ಹಾಕಿ ಕುಳಿತಿದ್ದ. ನಾನು ಎಡಗೈಯಲ್ಲಿ ತಂಬಿಗೆ ಹಿಡಿದು, ಕೇಳಿಸುವ ಹಾಗೆ, “ಕಾಲು ಕೂಡ್ಸು,” ಎಂದೆ.