ತೋಳಿನ ಚರ್ಮದೊಳಗಿನ ಹಸಿರು ಗೆರೆ

ನಮ್ಮಜ್ಜಿ ಮಾತನ್ನು ಉಪ್ಪಿನಕಾಯಿ ಜಾಡಿಗೆ ಹೋಲಿಸುತ್ತಿದ್ದಳು. ಒದ್ದೆ ಕೈ ಇಟ್ಟರೆ ಇಡೀ ಜಾಡಿ ಬೂಷ್ಟು ಹಿಡಿಯುತ್ತೆ ಕಣೇ, ಹಾಗೇ ಆಡಬಾರದವರು ಬಾಯಿ ಹಾಕಿದರೆ ಇಡೀ ಮನೆ ಕೆಡುತ್ತೆ ಅನ್ನುತ್ತಿದ್ದಳು. ಅಜ್ಜಿಗೆ ಲ್ಯಾಬು ಅಂದರೆ ಏನೆಂದು ಗೊತ್ತಿರಲಿಲ್ಲ. ಆದರೆ ಮೈಸೂರಿನ ದೊಡ್ಡದೊಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ಒದ್ದೆ ಕೈ ಹಾಕಿದವನೊಬ್ಬನನ್ನು ನಾನು ಕಣ್ಣಾರೆ ಕಂಡ ದಿನ ಅವಳೇ ನೆನಪಾದಳು.

ಮೊದಲು ನನ್ನ ಕೆಲಸ ಹೇಳಿಬಿಡುತ್ತೇನೆ. ರೋಗಿಯ ಮೈಯಿಂದ ತೆಗೆದ ಕಡಲೆಬೇಳೆಯಷ್ಟು ತುಣುಕನ್ನು ಹೆಪ್ಪುಗಟ್ಟಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಹೆರೆದು ಗಾಜಿನ ಮೇಲೆ ಕೂರಿಸುತ್ತೇವೆ. ಅದರ ಮೇಲೆ ಮೊನೊಕ್ಲೋನಲ್ ಆಂಟಿಬಾಡಿ ಅನ್ನುವುದರ ಹನಿ ಬಿಡುತ್ತೇವೆ. ಒಂದೇ ಜೀವಕೋಶದ ಸಂತಾನ ತಯಾರಿಸಿದ ಪದಾರ್ಥ ಅದು. ಅದಕ್ಕೆ ಗುರುತು ಸಿಗುವುದೂ ಒಂದೇ ಒಂದು ವಸ್ತು. ನಾವು ಬಳಸುವುದಕ್ಕೆ ಗೊತ್ತಿರುವುದು ಕೊಲಾಜೆನ್ ಅನ್ನುವ ಪ್ರೋಟೀನಿನ ಒಂದು ಎಳೆ ಮಾತ್ರ. ಆ ಎಳೆ ಇದ್ದರೆ ಹೋಗಿ ಅಂಟಿಕೊಳ್ಳುತ್ತದೆ, ಕತ್ತಲೆ ಕೋಣೆಯ ಮೈಕ್ರೋಸ್ಕೋಪಿನಲ್ಲಿ ಹಸಿರು ಗೆರೆಯಾಗಿ ಬೆಳಗುತ್ತದೆ. ಇಲ್ಲದಿದ್ದರೆ ಬರೀ ಕಪ್ಪು. ಕಿಡ್ನಿಯ ಜರಡಿಯಲ್ಲಿರುವ ಈ ಎಳೆ ಚರ್ಮದ ಎರಡು ಪದರಗಳ ನಡುವೆಯೂ ಇರುತ್ತದೆ. ಹಾಗಾಗಿ ಎಷ್ಟೋ ಸಲ ಕಿಡ್ನಿಗೆ ಸೂಜಿ ಹಾಕದೆ ತೋಳಿನ ಚರ್ಮದಲ್ಲೇ ಉತ್ತರ ಸಿಕ್ಕಿಬಿಡುತ್ತದೆ.

ಬನ್ನಿಮಂಟಪದ ಹಿಂದಿನ ಬೀದಿಯ ಒಂದು ಕುಟುಂಬ ಹಾಗೆ ನಮ್ಮಲ್ಲಿಗೆ ಬಂತು. ಮಗ ಆಗಿನ್ನೂ ಡಿಗ್ರಿ ಮುಗಿಸಿದವನು. ಎರಡೂ ಕಿಡ್ನಿ ಕೈಕೊಟ್ಟು ಡಯಾಲಿಸಿಸ್‌ಗೆ ಬಂದು ಹೋಗುತ್ತಿದ್ದ. ಅವನ ತೋಳಿನ ತುಣುಕು ನೋಡಿದೆವು. ಹಸಿರು ಗೆರೆಯೇ ಇಲ್ಲ. ಈ ಎಳೆಯೇ ಇಲ್ಲದ ಹುಟ್ಟುಕಾಯಿಲೆ ಕಿಡ್ನಿಯ ಜೊತೆ ಕಿವಿಯನ್ನೂ ಮಂದ ಮಾಡುತ್ತದೆ. ಹುಡುಗನಿಗೆ ಕಿವಿಗೆ ಹಾಕುವ ಯಂತ್ರ ಕೊಟ್ಟಿದ್ದರು. ಆದರೆ ಆಸ್ಪತ್ರೆಯ ಗದ್ದಲ ಅದರಲ್ಲಿ ಗುಂಯ್ ಅನ್ನುತ್ತದೆ ಅಂತ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡಿರುತ್ತಿದ್ದ. ಅದರಿಂದಾಗಿ ಅವನ ಅಜ್ಜಿ, ಅಂದರೆ ಅಪ್ಪನ ತಾಯಿ, ಎಲ್ಲ ಮಾತನ್ನೂ ಕೂಗಿಯೇ ಹೇಳುತ್ತಿದ್ದಳು. ಆ ಮನೆಯ ಸಂಸಾರ ನಮ್ಮ ಕಾರಿಡಾರಿಗೆಲ್ಲ ಗೊತ್ತಿತ್ತು. ಅವನ ತಾಯಿಯದು ಮಾತ್ರ ಸಣ್ಣ ದನಿ. ಹುಟ್ಟಿನಿಂದಲೂ ಹಾಗೆಯೇ ಇರಬೇಕು. ಮಗನಿಗೆ ಕೇಳಿಸುವಷ್ಟು ಜೋರಾಗಿ ಆಕೆ ಮಾತಾಡಿದ್ದನ್ನು ನಾನು ಕಾಣೆ.

ಕಿಡ್ನಿ ಕೊಡುತ್ತೇನೆ ಅಂತ ಮುಂದೆ ಬಂದವಳು ಆಕೆಯೇ. ಅಪ್ಪ ಹೆಬ್ಬಾಳದ ಫ್ಯಾಕ್ಟರಿಯವನು, ಸಕ್ಕರೆ ಕಾಯಿಲೆ, ಅವನದು ಆಗುವುದಿಲ್ಲ. ತಾಯಿಯದು ಆಗಬೇಕಾದರೂ ಒಂದು ತೊಡಕಿತ್ತು. ಈ ರೋಗ ಸಾಮಾನ್ಯವಾಗಿ ಗಂಡುಮಕ್ಕಳಿಗೆ ಬರುವುದು ತಾಯಿಯ ಕಡೆಯಿಂದ. ಅಂಥ ತಾಯಂದಿರ ಚರ್ಮದಲ್ಲಿ ಹಸಿರು ಗೆರೆ ಅಲ್ಲಲ್ಲಿ ತುಂಡಾಗಿ ಕಾಣುತ್ತದೆ, ಮುಂದೆ ಅವರ ಕಿಡ್ನಿಯೂ ಸೋಲಬಹುದು. ಗೆರೆ ತುಂಡಾಗಿದ್ದರೆ ನಿಮ್ಮದನ್ನು ತೆಗೆಯಲು ನನಗೆ ಧೈರ್ಯವಿಲ್ಲಮ್ಮ ಅಂತ ನಮ್ಮ ಡಾಕ್ಟರು ನೇರವಾಗಿ ಹೇಳಿದರು.

"ಪೂರ್ತಿ ಇದ್ರೆ?" ಅಂತ ಕೇಳಿದಳು.

"ಇದ್ರೆ ಮುಂದಿನ ಪರೀಕ್ಷೆ. ಮೊದಲು ಗೆರೆ ನೋಡೋಣ."

ಆಕೆ ಅಲ್ಲೇ ರವಿಕೆಯ ತೋಳು ಮೇಲೆ ಸರಿಸಿದಳು, ಇಂಜೆಕ್ಷನ್ನಿಗೆ ಸರಿಸುವ ಹಾಗೆ.

ಇನ್ನು ಒದ್ದೆ ಕೈಯವನು. ಆಕೆಯ ಮೈದುನ, ಗಂಡನ ತಮ್ಮ, ನಮ್ಮ ಆಸ್ಪತ್ರೆಯಲ್ಲೇ ಬಿಲ್ ಕೌಂಟರಿನಲ್ಲಿದ್ದ. ಅದಕ್ಕೂ ಮುಂಚೆ ವಾರ್ಡಿನಲ್ಲಿ ತುಣುಕಿನ ಬಾಟಲಿಗಳನ್ನು ಹೊತ್ತು ಸವೆದವನು. "ನಮ್ಮನೇದು, ಯಾರ ಕೈಗೂ ಕೊಡ್ಬೇಡಿ, ನಾನೇ ತಲುಪಿಸ್ತೀನಿ" ಅಂತ ಅತ್ತಿಗೆಯ ತುಣುಕನ್ನು ತಾನೇ ಇಸಕೊಂಡ. ನಮ್ಮ ಪರೀಕ್ಷೆಗೆ ತುಣುಕು ಉಪ್ಪುನೀರಿನ ಬಟ್ಟೆಯಲ್ಲಿ ಸುತ್ತಿ, ಐಸಿನ ಡಬ್ಬಿಯಲ್ಲಿ, ನೇರ ಬರಬೇಕು. ಅವನು ತಂದುಕೊಟ್ಟಾಗ ಬಟ್ಟೆಯಲ್ಲೇ ಇತ್ತು, ಐಸೂ ಇತ್ತು.

ಮಾರನೆಯ ದಿನ ಡಾಕ್ಟರು, ನಾನು ಕತ್ತಲೆ ಕೋಣೆಯಲ್ಲಿ ಕೂತಿದ್ದಾಗ ಬಾಗಿಲು ತಳ್ಳಿಕೊಂಡು ಬಂದ. "ಮೇಡಂ, ನಮ್ಮನೇದು ಆಯ್ತಾ?" ಪರದೆ ಮೇಲೆ ಹಸಿರು ಕಾಣಬೇಕಾದ ಜಾಗ ಮಸಿಯ ಹಾಗಿತ್ತು. ಹಿಂದೆ ಅಣ್ಣನ ಮಗನದೂ ಹೀಗೇ ಇದ್ದದ್ದು ನೋಡಿದ್ದವನಲ್ಲವೇ. "ಓಹೋ" ಅಂದವನೇ ಜೇಬಿನಿಂದ ಫೋನು ತೆಗೆಯುತ್ತಾ ಹೊರಟುಹೋದ.

ಅರೆಗಳಿಗೆ ನಿಂತಿದ್ದರೆ ಸಾಕಾಗಿತ್ತು. ಅದೇ ಗಾಜಿನ ಮೇಲೆ ಕೆಂಪು ಬಣ್ಣದ ಇನ್ನೊಂದು ಆಂಟಿಬಾಡಿಯೂ ಇರುತ್ತದೆ. ಅದು ಹುಡುಕುವ ಎಳೆ ಈ ರೋಗ ಇದ್ದವರಲ್ಲೂ ಇರುವಂಥದ್ದು. ಕೆಂಪು ಬೆಳಗಿದರೆ ತುಣುಕು ಚೆನ್ನಾಗಿದೆ, ಹಸಿರಿನ ಸಾಕ್ಷಿ ನಂಬಬಹುದು ಅಂತ ಅರ್ಥ. ಡಾಕ್ಟರು ಕೆಂಪಿಗೆ ತಿರುಗಿಸಿದರು. ಅದೂ ಕಪ್ಪು.

"ಇದು ರೋಗ ಅಲ್ಲ, ತುಣುಕೇ ಕೆಟ್ಟಿದೆ. ತಂದವರನ್ನ ಕರೀರಿ."

ಮೈದುನ ಬಂದ, ಬೆನ್ನು ತಟ್ಟುತ್ತಾರೆ ಅನ್ನುವ ಮುಖ ಹೊತ್ತು. "ಊಟದ ಹೊತ್ತಾಗಿತ್ತು ಸಾರ್. ಒಣಗಿಹೋಗುತ್ತೆ ಅಂತ ಫಾರ್ಮಲಿನ್‌ನಲ್ಲಿ ಹಾಕಿಟ್ಟು ಊಟ ಮುಗಿಸ್ಕೊಂಡು ಬಂದೆ. ಆಮೇಲೆ ಹೆಂಗಿತ್ತೋ ಹಂಗೇ ಸುತ್ತಿ ತಂದ್ಕೊಟ್ಟೆ. ಇಷ್ಟು ವರ್ಷ ನಾವು ಹಾಕ್ತಿದ್ದಿದ್ದೇ ಅದ್ರಲ್ಲಿ."

ಬೇರೆ ಪರೀಕ್ಷೆಗಳಿಗೆ ತುಣುಕು ಕೊಳೆಯದಂತೆ ಕಾಯುವ ಆ ನೀರು ನಮ್ಮ ಎಳೆಯ ಗುರುತನ್ನೇ ಮುಚ್ಚಿಬಿಡುತ್ತದೆ. ಅವನು ಅಕ್ಕರೆಯಿಂದಲೇ ಮಾಡಿದ್ದು, ಇಲ್ಲವೆನ್ನುವುದಿಲ್ಲ. ಆದರೆ ಫೋನು ಆಗಲೇ ಮನೆ ತಲುಪಿತ್ತು.

ಡಯಾಲಿಸಿಸ್ ದಿನ ಇಡೀ ಸಂಸಾರ ಕಾರಿಡಾರಿನಲ್ಲಿತ್ತು. ಮುದುಕಿ ಶುರುಮಾಡಿದಳು.

"ನಂಗೊತ್ತಿತ್ತು ಕಣ್ರೀ! ಇವಳ ತಮ್ಮ ಒಬ್ಬ ಎಳೇ ವಯಸ್ನಲ್ಲೇ ಹೋದ. ಕೇಳಿದ್ರೆ ಬೈಕಿಂದ ಬಿದ್ದ ಅಂದ್ರು. ರೋಗ ಮುಚ್ಚಿಟ್ಟು ನನ್ ಮಗನ ಕುತ್ಗೆಗೆ ಕಟ್ಬುಟ್ರು!"

"ಅವನು ಬಿದ್ದೇ ಸತ್ತಿದ್ದು ಅತ್ತೆ. ಚಟ್ಟಕ್ಕೆ ನಿಮ್ ಮಗನೇ ಹೆಗಲು ಕೊಟ್ಟಿದ್ರಲ್ಲ" ಅಂದಳು ಸೊಸೆ.

ಹೆಗಲು ಕೊಟ್ಟವನು ತಲೆಯೆತ್ತಿ ಫ್ಯಾನು ನೋಡುತ್ತಿದ್ದ.

ಡಾಕ್ಟರು ಹೊರಗೆ ಬಂದು, ತುಣುಕು ಕೆಟ್ಟಿತ್ತು, ಅದು ಏನನ್ನೂ ಹೇಳಲಿಲ್ಲ, ಇನ್ನೊಮ್ಮೆ ತೆಗೆಯಬೇಕು ಅಂತ ಬಿಡಿಸಿ ಹೇಳಿದರು. ಮುದುಕಿ ಅವರನ್ನು ಕನಿಕರದಿಂದ ನೋಡಿದಳು. "ನಿಮ್ದು ಒಳ್ಳೇ ಮನ್ಸು ಸಾಮಿ, ಅವಳು ಅತ್ರೆ ನಿಮ್ಗೂ ಕರುಳು ಚುರ್ ಅನ್ನುತ್ತೆ. ನನ್ ಚಿಕ್ಕಮಗ ಕಣ್ಣಾರೆ ನೋಡವ್ನೆ, ಕರ್ರಗೆ." ಮೈದುನ ಗೋಡೆಗೊರಗಿ ನಿಂತಿದ್ದ. ಫಾರ್ಮಲಿನ್ನಿನ ಮಾತು ಅವನ ಬಾಯಿಂದ ಹೊರಡಲಿಲ್ಲ. ಡಾಕ್ಟರು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅಂತಾರಲ್ಲ, ಮೈದುನ ಕೆಡಿಸಿದ ತುಣುಕಿಗೂ ಇರಲಿಲ್ಲ.

ಅಜ್ಜಿಯ ಕೂಗು ಮೊಮ್ಮಗನಿಗೆ ಚೆನ್ನಾಗಿ ಕೇಳಿಸಿತ್ತು. ಅವನು ತಾಯಿಯ ಕಡೆ ತಿರುಗಿ, ಕಿವಿ ಮಂದ ಇದ್ದವರ ಎತ್ತರದ ದನಿಯಲ್ಲೇ ಕೇಳಿದ: "ಗೊತ್ತಿದ್ದೂ ಹೆತ್ಯೇನಮ್ಮಾ ನನ್ನ?"

ತಾಯಿಯ ತುಟಿ ಅಲ್ಲಾಡಿತು. ಆತ ಆಗಲೇ ಮುಖ ತಿರುಗಿಸಿಕೊಂಡಿದ್ದ.

ಎರಡನೇ ಸಲ ತುಣುಕು ತೆಗೆಯುವಾಗ ನಾನೇ ಐಸಿನ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಹಳೆಯ ಗಾಯದ ಮೇಲೆ ಇನ್ನೂ ಪಟ್ಟಿ ಇತ್ತು, ಅದರ ಕೆಳಗೇ ಹೊಸದು. ಮರಗಟ್ಟಿಸುವ ಮದ್ದು ಹತ್ತುವವರೆಗೂ ಆಕೆ ಗೋಡೆ ನೋಡುತ್ತಾ ಮಾತಾಡಿದಳು.

"ಅವನ ತಟ್ಟೆಗೆ ನಾನು ಬಡಿಸೋ ಹಂಗಿಲ್ಲ ಮೇಡಂ. ನಿನ್ ಕೈಯಿಂದ ಕೊಟ್ಟಿದ್ದು ಸಾಕು ಅಂತಾರೆ ಅತ್ತೆ. ತರಕಾರಿ ಬೇಯ್ಸಿ, ನೀರು ಬಸ್ದು, ಇನ್ನೊಂದ್ಸಲ ಬೇಯ್ಸಬೇಕು ಅಂತ ಇಲ್ಲೇ ಹೇಳ್ಕೊಟ್ಟಿದ್ರಲ್ಲ? ಅವ್ರಿಗೆ ಅದೆಲ್ಲ ಗೊತ್ತಿಲ್ಲ. ನಿನ್ನೆ ಪ್ರೀತಿಗೆ ಬಾಳೆಹಣ್ಣು ತಿನ್ಸವ್ರೆ, ರಸಬಾಳೆ. ಡಯಾಲಿಸಿಸ್‌ನೋರು ತಿನ್ನಬಾರ್ದು ಅತ್ತೆ, ಎದೆ ನಿಂತೋಗುತ್ತೆ ಅಂದೆ. ಹೊಟ್ಟೆಲಿದ್ದಾಗ ವಿಷ ಇಕ್ಕಿದವಳು ಈಗ ಹಣ್ಣು ಕಿತ್ಕೊತೀಯಾ ಅಂದ್ರು."

"ನಿಮ್ಮೆಜಮಾನ್ರು?"

"ಅವ್ರು ನೈಟ್ ಶಿಫ್ಟ್ ಕೇಳಿ ಹಾಕಿಸ್ಕೊಂಡವ್ರೆ."

ಕತ್ತರಿಸಿದ್ದು ಆಕೆಗೆ ಗೊತ್ತೇ ಆಗಲಿಲ್ಲ. "ಮೇಡಂ, ಗೆರೆ ತುಂಡಾಗಿರಲ್ಲ ಅಲ್ವಾ?" ಅಂತ ಕೇಳಿದಳು. ಡಬ್ಬಿ ಎದೆಗವಚಿಕೊಂಡು ನಾನು ಹೊರಟೆ. ಗೊತ್ತಿಲ್ಲದ ಮಾತಿಗೆ ಹೂಂ ಅನ್ನಬಾರದು ಅನ್ನುವುದನ್ನೂ ಅಜ್ಜಿಯೇ ಕಲಿಸಿದ್ದು. ಆದರೆ ಆ ದಿನ ಅದು ನನಗೇ ಕಲ್ಲುಮನಸ್ಸು ಅನ್ನಿಸಿತು.

ತುಂಡಾಗಿರಲಿಲ್ಲ. ಕೆಂಪು ಬೆಳಗಿತು, ಹಸಿರೂ ಬೆಳಗಿತು. ಈ ತುದಿಯಿಂದ ಆ ತುದಿಗೆ, ಎಲ್ಲೂ ಕಡಿಯದೆ, ಭತ್ತದ ಗದ್ದೆಯ ಬದುವಿನ ಹಾಗೆ. ಚರ್ಮವೊಂದನ್ನೇ ನಂಬಬಾರದು ಅಂತ ಡಾಕ್ಟರು ರಕ್ತವನ್ನು ಜೀನ್ ಪರೀಕ್ಷೆಗೂ ಕಳಿಸಿದ್ದರು. ಅದರಲ್ಲೂ ಕೊನೆಗೆ ದೋಷ ಸಿಗಲಿಲ್ಲ. ಎಲ್ಲ ಪರೀಕ್ಷೆ ಮುಗಿದ ಮೇಲೆ ಡಾಕ್ಟರು ಅತ್ತೆ, ಸೊಸೆ, ಮೈದುನ ಮೂವರನ್ನೂ ಕೂರಿಸಿಕೊಂಡರು. "ದೋಷ ಹುಡುಗನಲ್ಲೇ ಹೊಸದಾಗಿ ಆಗಿರೋದು. ಈಕೆಯಿಂದ ಬಂದಿದ್ದಲ್ಲ. ಈಕೆ ಕಿಡ್ನಿ ಕೊಡಬಹುದು."

ಮುದುಕಿ ಸೊಂಟದ ಚೀಲದಿಂದ ಎಲೆ ತೆಗೆದಳು, ಇದು ಆಸ್ಪತ್ರೆ ಅಂತ ನೆನಪಾಗಿ ಮತ್ತೆ ಒಳಗಿಟ್ಟಳು. ಸೊಸೆ ಅವಳ ಬಾಯನ್ನೇ ನೋಡುತ್ತಿದ್ದಳು. ಏನೋ ಒಂದು ಬರುತ್ತದೆ ಅಂತ ನಾನೂ ನೋಡುತ್ತಿದ್ದೆ.

"ಅಂಗಾದ್ರೆ ಇನ್ನೇನು ಅಡ್ಡಿ? ಯಾವತ್ತು ಕುಯ್ತೀರ?" ಅಂದಳು.

ಮೈದುನನಿಗೆ ಉಸಿರು ಬಂತು. "ನಾನೇ ಹೇಳಿ ಎರಡನೇ ಸಲ ಮಾಡಿಸ್ದೆ ಕಣವ್ವ. ಒಳಗೆ ನಮ್ಮೋರೊಬ್ರು ಇರ್ಬೇಕು ಅನ್ನೋದು ಅದಕ್ಕೇ."

"ನೀನಿಲ್ದಿದ್ರೆ ನಮ್ಗೆ ಯಾರಪ್ಪ ಗತಿ."

ನನಗೆ ತಡೆಯಲಾಗಲಿಲ್ಲ. "ಫಾರ್ಮಲಿನ್ ವಿಷಯಾನೂ ಹೇಳಿ" ಅಂದೆ.

"ಅಯ್ಯೋ ಬುಡಿ ಮೇಡಂ," ಅಂತ ನಕ್ಕ. "ಆಗಿದ್ದಾಯ್ತು. ಒಳ್ಳೇದೇ ಆಯ್ತಲ್ಲ."

ಸೊಸೆ ಎಲ್ಲರಿಗಿಂತ ಮೊದಲು ಎದ್ದು ಹೊರಗೆ ಹೋದಳು. ಹಿಂದೆಯೇ ನಾನೂ ಬಾಗಿಲಿಗೆ ಬಂದೆ. ಮಗ ಬೆಂಚಿನ ಮೇಲೆ ಕೂತು ಫೋನು ನೋಡುತ್ತಿದ್ದ, ಕಿವಿಯ ಯಂತ್ರ ಜೇಬಿನಲ್ಲಿ. ಪಕ್ಕದಲ್ಲಿ ಕೂತು ಅವನ ಕಿವಿಯ ಹತ್ತಿರಕ್ಕೆ ಬಾಗಿದಳು.

"ನನ್ನಿಂದ ಬಂದಿದ್ದಲ್ಲ ಕಣೋ ಮಗ. ಡಾಕ್ಟ್ರೇ ಹೇಳಿದ್ರು."

"ಆಂ? ಏನಮ್ಮ?"

ಆಕೆ ಉಸಿರು ಎಳೆದುಕೊಂಡಳು, ಈ ಸಲ ಜೋರಾಗಿ ಹೇಳುವವಳ ಹಾಗೆ. ಅಷ್ಟರಲ್ಲಿ ನನ್ನ ಹೆಗಲ ಹಿಂದಿನಿಂದ ಮುದುಕಿಯ ದನಿ ಕಾರಿಡಾರಿನ ಆ ಕೊನೆಗೆ ಮುಟ್ಟಿತು.

"ಕಿಡ್ನಿ ಕೊಡ್ತಾಳಂತೆ ಕಣ್ಲಾ!"

ಕೂತವರೆಲ್ಲ ತಿರುಗಿ ನೋಡಿದರು. ಮಗ ತಾಯಿಯ ಕಡೆ ಒಮ್ಮೆ ನೋಡಿ, ಮತ್ತೆ ಫೋನಿಗೆ ಕಣ್ಣಿಳಿಸಿದ.

"ಕೊಡ್ಲೇಬೇಕಲ್ಲ" ಅಂದ.

ಆಕೆ ಹೌದೆನ್ನುವಂತೆ ತಲೆಯಾಡಿಸಿದಳು. ಆಮೇಲೆ ತೋಳಿನ ಎರಡು ಕಲೆಗಳ ಮೇಲೆ ಸೆರಗು ಎಳೆದುಕೊಂಡು, ಅವನ ಡಯಾಲಿಸಿಸ್‌ಗೆ ಚೀಟಿ ಮಾಡಿಸಲು ಎದ್ದಳು.