ಮಂಡಿ ನೋಡಿ ಕೊಂಡ ಟ್ರ್ಯಾಕ್ಟರ್

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನಾನೊಂದು ಟ್ರ್ಯಾಕ್ಟರನ್ನು ಸುಳಿ, ಬಾಲ, ಮಂಡಿ ನೋಡಿ ಕೊಂಡೆ. ನಂಬಬೇಡಿ. ನಂಬದೆ ಎಷ್ಟು ಹೊತ್ತು ಇರುತ್ತೀರೋ ನಾನೂ ನೋಡುತ್ತೇನೆ. ನಮ್ಮೂರಿನವರು ನನ್ನ ಮಾತನ್ನು ಅಕ್ಕಿ ಆರಿಸಿದ ಹಾಗೆ ಆರಿಸಿ ಕೇಳುತ್ತಾರೆ. ಸೇರಿಗೊಂದು ಕಲ್ಲು ಇದ್ದೇ ಇರುತ್ತದೆ ಎನ್ನುವುದು ಅವರ ಅನುಭವ. ಇದರಲ್ಲೂ ಒಂದು ಕಲ್ಲಿದೆ. ನಿಮ್ಮ ಹಲ್ಲಿಗೆ ಸಿಕ್ಕರೆ ನೀವು ಜಾಣರು, ಸಿಗದಿದ್ದರೆ ನಾನು ಜಾಣ.

ಅಜ್ಜಂಪುರದ ಪಕ್ಕದಲ್ಲಿ ನಮ್ಮದು ಆರು ಎಕರೆ ಎರೆಹೊಲ. ಕಪ್ಪು ಮಣ್ಣಿನ ಸ್ವಭಾವ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅದು ಮುನಿಸಿಕೊಳ್ಳುವ ಬೀಗರ ಹಾಗೆ. ಮಳೆ ಬಂದ ದಿನ ಕಾಲಿಟ್ಟರೆ ಚಪ್ಪಲಿ ಕಿತ್ತುಕೊಳ್ಳುತ್ತದೆ. ವಾರ ಬಿಟ್ಟು ಹೋದರೆ ಕಲ್ಲಾಗಿ ಕೂತಿರುತ್ತದೆ. ನಡುವೆ ಎರಡೋ ಮೂರೋ ದಿನ ಮಾತ್ರ ಹದ. ನೇಗಿಲು ಇಳಿಯಬೇಕಾದರೆ ಆಗಲೇ ಇಳಿಯಬೇಕು.

ಎತ್ತುಗಳು ಹೋದ ಮೇಲೆ ನಾನು ಪಕ್ಕದ ಹೊಲದ ಮಲ್ಲಪ್ಪನ ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆಯುತ್ತಿದ್ದೆ. ಅವನು ಮೊದಲು ತನ್ನ ಹೊಲ ಉಳುತ್ತಿದ್ದ, ಆಮೇಲೆ ಭಾವಮೈದುನನದು, ಆಮೇಲೆ ಭಾವಮೈದುನನ ಸ್ನೇಹಿತರದು. ಫೋನ್ ಮಾಡಿದರೆ ಒಂದೇ ಮಾತು. "ಬತ್ತೀನಿ ಕಣ್ರೀ ಗೌಡ್ರೆ. ನಿಮ್ ಹೊಲ ಎಲ್ಲಿಗ್ ಓಡೋಯ್ತದೆ?" ಹೊಲ ಓಡುವುದಿಲ್ಲ, ನಿಜ. ಓಡುವುದು ಹದ. ಅವನು ಬರುವಷ್ಟರಲ್ಲಿ ಅದು ತರೀಕೆರೆ ದಾಟಿರುತ್ತಿತ್ತು.

ಒಂದು ದಿನ ಊಟಕ್ಕೆ ಕೂತಾಗ ಹೇಳಿದೆ, ಸ್ವಂತದ್ದೊಂದು ತರುತ್ತೇನೆ ಎಂದು.

ನನ್ನ ಹೆಂಡತಿ ಗೌರಮ್ಮ ಸಾರಿನ ಸೌಟನ್ನು ಕೆಳಗಿಡಲಿಲ್ಲ. "ಹತ್ತೋರ್ ಯಾರು?" ಅಂದಳು.

"ನಾನು."

"ಇಳಿಸೋರ್ ಯಾರು?"

ಪ್ರಶ್ನೆಯಲ್ಲಿ ಹುರುಳಿತ್ತು. ಎರಡು ವರ್ಷದಿಂದ ನನ್ನ ಬಲಮಂಡಿ ನನ್ನ ಮಾತು ಕೇಳುತ್ತಿಲ್ಲ. ನೆಲದಲ್ಲಿ ಕೂತರೆ ಏಳುವುದು ಎರಡು ಕಂತಿನ ಕೆಲಸ; ಮೊದಲ ಕಂತು ಮುಗಿದ ಮೇಲೆ ಗೋಡೆ ಹಿಡಿದು ಸ್ವಲ್ಪ ಹವಾಮಾನದ ಬಗ್ಗೆ ಮಾತಾಡುತ್ತೇನೆ, ಯಾರಿಗೂ ತಿಳಿಯದಿರಲಿ ಎಂದು. ಮಲ್ಲಪ್ಪನಿಗಂತೂ ತಿಳಿದುಹೋಗಿತ್ತು. ಹೊಲವನ್ನು ಗುತ್ತಿಗೆಗೆ ಕೊಟ್ಟುಬಿಡಿ ಎಂದು ಅವನು ಎರಡು ಸಲ ಮನೆಗೆ ಬಂದು ಕೇಳಿದ್ದ. ಎರಡನೆಯ ಸಲ ಬಾಳೆಹಣ್ಣು ತಂದಿದ್ದ. ಬಾಳೆಹಣ್ಣು ತರುವವನ ಬಗ್ಗೆ ಎಚ್ಚರವಾಗಿರಬೇಕು.

ಗೌರಮ್ಮ ತೀರ್ಪು ಕೊಟ್ಟಳು. "ಕಡೂರು, ತರೀಕೆರೆ, ಅಜ್ಜಂಪುರ, ಮೂರು ಕಡೆ ನೋಡಾಣ. ಒಂದರಲ್ಲಾದ್ರೂ ಯಾರ್ ಕೈನೂ ಹಿಡೀದೆ ಹತ್ತಿ ಇಳೀರಿ, ತಗೊಳಾಣ. ಮೂರರಲ್ಲೂ ಆಗ್ಲಿಲ್ವಾ, ಯುಗಾದಿಗೆ ಹೊಲ ಮಲ್ಲಪ್ಪನ್ದು. ಆಮೇಲೆ ನೀವು ಜಗಲಿ ಮೇಲ್ ಕೂತ್ಕಂಡು ಹೋಗೋ ಬರೋರ್ನ ಗೋಳುಹುಯ್ಕಳಿ."

ಒಪ್ಪಿದೆ. ಮೋಸ ಮಾಡಬಹುದು ಎಂಬ ಧೈರ್ಯದಿಂದಲೇ ಒಪ್ಪಿದ್ದು.

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕು. ಅಮೃತ ಮಹಲ್ ದನಗಳ ಸೀಮೆಯಲ್ಲಿ ಹುಟ್ಟಿದ ನಾವೆಲ್ಲ ಎತ್ತಿನ ಪಂಡಿತರೇ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಬಾಲದ ತುದಿ ನೋಡುತ್ತೇವೆ, ಸುಳಿ ನೋಡುತ್ತೇವೆ. ಸುಳಿ ಎಂದರೆ ಮೈಮೇಲೆ ಕೂದಲು ತಿರುಗಿಕೊಂಡಿರುವ ಜಾಗ. ಅದು ಎಲ್ಲಿದೆ ಎನ್ನುವುದರ ಮೇಲೆ ಮನೆಯ ಏಳಿಗೆ ನಿಂತಿದೆ ಎನ್ನುತ್ತಾರೆ. ನಾನು ಕೊಳ್ಳುವಾಗ ಇದನ್ನು ನಂಬುತ್ತೇನೆ, ಮಾರುವಾಗ ನಂಬುವುದಿಲ್ಲ. ಆದರೆ ನಮ್ಮಪ್ಪ ಹೇಳುತ್ತಿದ್ದದ್ದು ಬೇರೆ. ಎತ್ತು ನಡೆಯುವುದನ್ನು ನೋಡಬೇಡ, ಮಲಗಿದ್ದ ಎತ್ತು ಏಳುವುದನ್ನು ನೋಡು. ಮೊದಲು ಹಿಂಗಾಲು ಎತ್ತುತ್ತದೆ, ಆಮೇಲೆ ಮುಂದಿನ ಮಂಡಿ ಬಿಡಿಸುತ್ತದೆ. ಮಂಡಿಯ ಮೇಲೆ ಒಂದು ಉಸಿರಿಗಿಂತ ಹೆಚ್ಚು ಹೊತ್ತು ನಿಂತರೆ ಹಗ್ಗ ವಾಪಸ್ ಕೊಟ್ಟು ಬಾ.

ಇದು ದಲ್ಲಾಳಿಗಳಿಗೂ ಗೊತ್ತು. ಅದಕ್ಕೇ ಸಂತೆಯಲ್ಲಿ ಮಂಡಿ ಹೋದ ಎತ್ತನ್ನು ಬೆಳಗಿನಿಂದ ಕೂರಲು ಬಿಡದೆ ನಿಲ್ಲಿಸಿಯೇ ಇಟ್ಟಿರುತ್ತಾರೆ. ನಿಂತ ಎತ್ತಿಗೆ ಮುಪ್ಪಿಲ್ಲ.

ನಾನೂ ಅದನ್ನೇ ಮಾಡಿದೆ. ಕಡೂರಿಗೆ ಹೊರಟ ದಿನ ಬೆಳಿಗ್ಗೆ ಐದಕ್ಕೆ ಎದ್ದವನು ಕೂರಲೇ ಇಲ್ಲ. ತಿಂಡಿ ನಿಂತು ತಿಂದೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ಬೀರೂರು ದಾಟಿದೆ. ಕಂಡಕ್ಟರ್ "ಕೂತ್ಕಳಿ ಯಜಮಾನ್ರೆ" ಅಂದ. ವ್ಯಾಯಾಮ ಅಂದೆ. ಗೌರಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಅಪ್ಪ ಎತ್ತಿನ ದಲ್ಲಾಳಿಯಾಗಿದ್ದರು ಎನ್ನುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಮ್ಮಪ್ಪ ಅವರ ಹತ್ತಿರ ಒಂದು ಜೊತೆ ಎತ್ತು ಕೊಳ್ಳಲು ಹೋದವರು ಸೊಸೆಯನ್ನೂ ಗೊತ್ತುಮಾಡಿಕೊಂಡು ಬಂದಿದ್ದರು. ಎತ್ತುಗಳು ಎಂಟು ವರ್ಷ ದುಡಿದವು. ಇನ್ನೊಂದು ವ್ಯಾಪಾರದಲ್ಲಿ ಯಾರಿಗೆ ಲಾಭವಾಯಿತೆಂದು ಎರಡೂ ಮನೆಯವರು ಇನ್ನೂ ತೀರ್ಮಾನಿಸಿಲ್ಲ.

ಕಡೂರಿನ ಅಂಗಡಿಯಲ್ಲಿ ಇದ್ದದ್ದು ಕೆಂಪು ಬಣ್ಣದ, ಆನೆಯಂಥ ಗಾಡಿ. ನಾನು ಅದರ ಸುತ್ತ ಮೂರು ಸಲ ಬಂದೆ. ಬಾನೆಟ್ ಸವರಿ ಸುಳಿ ಹುಡುಕಿದೆ. ಬಗ್ಗಿ ಹಿಂದುಗಡೆ ನೋಡಿದೆ. ಟೈ ಕಟ್ಟಿದ್ದ ಸೇಲ್ಸ್‌ಮನ್ ಹತ್ತಿರ ಬಂದು, "ಎಷ್ಟು ಎಚ್‌ಪಿ ನೋಡ್ತಿದೀರಾ ಸಾರ್?" ಅಂದ.

"ಕುದುರೆ ಲೆಕ್ಕ ನಂಗ್ ಗೊತ್ತಿಲ್ಲಪ್ಪ. ಎಷ್ಟ್ ಜೊತೆ ಎತ್ತಿನ ಸಮ ಹೇಳು."

ಅವನು ನಿಜವಾಗಿಯೂ ಮೊಬೈಲ್ ತೆಗೆದು ಹುಡುಕಿದ. ಒಳ್ಳೆಯ ಮನುಷ್ಯ. ಅಷ್ಟಕ್ಕೆ ಬಿಡದೆ, ರೇಟು ಕೇಳುವ ಹೊತ್ತಿಗೆ ಹೆಗಲ ಟವೆಲನ್ನು ಅವನ ಕೈಮೇಲೆ ಹೊದಿಸಿ, ಒಳಗಿನಿಂದ ಅವನ ಬೆರಳು ಹಿಡಿದೆ. ಸಂತೆಯಲ್ಲಿ ದರ ಮಾತಾಡುವುದೇ ಹಾಗೆ, ಬಟ್ಟೆಯ ಅಡಿಯಲ್ಲಿ, ಬೆರಳಿನಲ್ಲಿ. ಅವನು ಬೆವತುಹೋದ. ಗೌರಮ್ಮನ ಕಡೆ ತಿರುಗಿ, "ಅಮ್ಮಾ, ಸಾರ್‌ಗೆ ಶುಗರ್ ಏನಾದ್ರೂ ಇದ್ಯಾ?" ಅಂದ.

"ಇಲ್ಲ ಕಣಪ್ಪ. ಇದು ಮೊದ್ಲಿಂದ್ಲೂ ಹಿಂಗೆ."

ಆಟ ಚೆನ್ನಾಗಿತ್ತು, ಆದರೆ ಅದೇ ನನಗೆ ಮುಳುವಾಯಿತು. ಈ ಮುದುಕ ಎಲ್ಲಿ ಬೀಳುತ್ತಾನೋ ಎಂದು ಹೆದರಿದ್ದ ಅವನು, ನಾನು ಮೆಟ್ಟಿಲ ಮೇಲೆ ಕಾಲಿಟ್ಟ ತಕ್ಷಣ ಬಂದು ನನ್ನ ಕೈ ಹಿಡಿದುಕೊಂಡ. ನಾನು ಕೇಳಿರಲಿಲ್ಲ, ಅವನಾಗಿಯೇ ಹಿಡಿದದ್ದು ಎಂದು ವಾದಿಸಿದೆ.

"ಒಂದ್ ಹೋಯ್ತು," ಅಂದಳು ಗೌರಮ್ಮ.

ಅದೇ ದಿನ ಮಧ್ಯಾಹ್ನ ತರೀಕೆರೆಯಲ್ಲಿ ಬುದ್ಧಿ ಬಳಸಿದೆ. ಅಲ್ಲಿಯವನನ್ನು ಯಾವುದೋ ಕಾಗದ ತರಲು ಒಳಗೆ ಕಳಿಸಿ, ಅವನು ಬರುವುದರೊಳಗೆ ನೀಲಿ ಗಾಡಿಯ ಮಡ್‌ಗಾರ್ಡ್ ಹಿಡಿದು ಹತ್ತಿ ಕೂತುಬಿಟ್ಟೆ. ಮೇಲಿನಿಂದ ಗೌರಮ್ಮನನ್ನು ನೋಡಿದೆ. ಅವಳು ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಂಡು ಕೂತಳು. ಆಗ ಅರ್ಥವಾಯಿತು. ಬೆಳಗಿನಿಂದ ನಿಂತಿದ್ದ ಎತ್ತು ಕೂತುಬಿಟ್ಟಿದೆ.

ಮಂಡಿ ಬೀಗ ಹಾಕಿಕೊಂಡಿತು. ಇಳಿಯುವ ಪ್ರಶ್ನೆಯೇ ಇಲ್ಲ. ಇಳಿಯಲು ಆಗದವನು ಏನು ಮಾಡಬೇಕು? ಇಳಿಯಲು ಮನಸ್ಸಿಲ್ಲದವನ ಹಾಗೆ ಕಾಣಬೇಕು. ಸ್ಟೇರಿಂಗ್ ತಿರುಗಿಸಿದೆ, ಲಿವರ್ ಎಳೆದೆ, ತಲೆದೂಗಿದೆ. ಅಷ್ಟರಲ್ಲಿ ಲಿಂಗದಹಳ್ಳಿ ಕಡೆಯ ರೈತರೊಬ್ಬರು ಗಾಡಿ ನೋಡಲು ಬಂದರು. ಅವರಿಗೆ ಗೇರ್‌ಬಾಕ್ಸ್ ಬಗ್ಗೆ ಅರ್ಧ ಗಂಟೆ ಹೇಳಿದೆ. ಗೇರ್‌ಬಾಕ್ಸ್ ಬಗ್ಗೆ ನನಗೆ ಗೊತ್ತಿದ್ದದ್ದು ಅದು ಒಳಗೆಲ್ಲೋ ಇದೆ ಎನ್ನುವುದಷ್ಟೇ. ಓಡಿಸುವುದು ಬೇರೆ ವಿಷಯ. ಮುಂದಿನ ಗೇರ್ ಬೀಳದ ಜೀಪನ್ನು ಕೆಮ್ಮಣ್ಣುಗುಂಡಿಯ ತಿರುವುಗಳಲ್ಲಿ ರಿವರ್ಸ್‌ನಲ್ಲೇ ಹತ್ತಿಸಿದವನು ನಾನು. ಇದು ಆ ಕಲ್ಲಲ್ಲ, ಮುಂದೆ ಓದಿ.

"ನೀವು ಇಲ್ಲೇ ಕೆಲ್ಸಕ್ ಇರೋದಾ ಯಜಮಾನ್ರೆ?" ಎಂದು ಅವರು ಕೇಳಿದರು.

"ಸದ್ಯಕ್ಕೆ ಇಲ್ಲೇ," ಅಂದೆ. ಮನಸ್ಸಿನಲ್ಲಿ ಅದು ಪೂರಾ ನಿಜವಾಗಿತ್ತು.

ಅವರು ಅವತ್ತೇ ಗಾಡಿ ಬುಕ್ ಮಾಡಿದರು. ಮಾಲೀಕರು ಸಂತೋಷಪಟ್ಟು ಸೀಟಿಗೇ ಕಾಫಿ ಕಳಿಸಿದರು. ಕಾಫಿ ಮುಗಿಯಿತು, ನೆಪಗಳೂ ಮುಗಿದವು. ಕೊನೆಗೆ ಮಾಲೀಕರು ಒಂದು ಕಡೆ, ಲಿಂಗದಹಳ್ಳಿಯವರು ಇನ್ನೊಂದು ಕಡೆ ನಿಂತು ನನ್ನನ್ನು ಗೊನೆ ಇಳಿಸಿದ ಹಾಗೆ ಇಳಿಸಿದರು.

"ಎರಡ್ ಹೋಯ್ತು," ಅಂದಳು ಗೌರಮ್ಮ. ಸ್ವಲ್ಪ ಹೊತ್ತಿನ ಮೇಲೆ, "ನಾಲ್ಕು ಕೈ," ಎಂದೂ ಸೇರಿಸಿದಳು.

ಊರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಕೂತೇ ಬಂದೆ. ನಾಟಕ ಬೇಡವಾಗಿತ್ತು. ಕಿಟಕಿಯ ಹೊರಗೆ ಜನ ತಮ್ಮ ತಮ್ಮ ಹೊಲದಲ್ಲಿದ್ದರು. ಹೊಲ ಗುತ್ತಿಗೆಗೆ ಹೋದ ಮೇಲೆ ಮನುಷ್ಯ ಮಳೆ ಬಂದರೆ ಆಕಾಶ ನೋಡುತ್ತಾನಷ್ಟೇ, ಮಣ್ಣು ಹಿಸುಕಿ ನೋಡುವುದಿಲ್ಲ. ನನಗೆ ಬೇಕಾಗಿದ್ದದ್ದು ಟ್ರ್ಯಾಕ್ಟರ್ ಅಲ್ಲ, ಹಿಸುಕಿ ನೋಡುವ ಅಧಿಕಾರ. ಇದನ್ನು ಗೌರಮ್ಮನಿಗೆ ಹೇಳಲಿಲ್ಲ. ಗಂಭೀರವಾಗಿ ಏನಾದರೂ ಹೇಳಿದರೆ ಅವಳು ಹಣೆ ಮುಟ್ಟಿ ಜ್ವರ ನೋಡುತ್ತಾಳೆ.

ಅಜ್ಜಂಪುರಕ್ಕೆ ಹೋದದ್ದು ಮುಂದಿನ ವಾರ. ಅಲ್ಲಿ ದೊಡ್ಡ ಗಾಡಿಗಳ ಹಿಂದೆ, ಮೂಲೆಯಲ್ಲಿ, ಒಂದು ಚಿಕ್ಕದು ನಿಂತಿತ್ತು. ತೋಟದ ಸಾಲುಗಳ ನಡುವೆ ಓಡಾಡಲು ಮಾಡಿದ್ದಂತೆ. ದೊಡ್ಡವುಗಳ ಪಕ್ಕ ಕರುವಿನ ಹಾಗೆ ಕಾಣುತ್ತಿತ್ತು. ನಾನು ಅದರ ಕಡೆ ನೋಡಲೂ ಇಲ್ಲ. ಗೌರಮ್ಮ ನೇರವಾಗಿ ಅಲ್ಲಿಗೇ ಹೋಗಿ ಮೆಟ್ಟಿಲ ಎತ್ತರವನ್ನು ಗೇಣಿನಲ್ಲಿ ಅಳೆದಳು.

"ಇದನ್ನ ಹತ್ರಿ."

"ಲೇ, ಇದನ್ನ ಹತ್ತಿದ್ರೆ ಊರೋರು ನಗಾಡ್ತಾರೆ ಕಣೇ."

"ನಗ್ಲಿ. ನೀವು ಇಷ್ಟ್ ವರ್ಷ ಅವ್ರನ್ ನೋಡಿ ನಗಾಡಿಲ್ವಾ?"

ಹತ್ತಿದೆ. ಮನೆಯ ಕಟ್ಟೆ ಹತ್ತಿದಷ್ಟು ಸಲೀಸು. ತಕ್ಷಣ ಇಳಿದುಬಿಡೋಣ ಎಂದು ತಿರುಗಿದರೆ ಅವಳು ಕೈ ಅಡ್ಡ ಮಾಡಿದಳು. "ಕೂತ್ಕಳಿ. ಟೀ ತರಿಸ್ತೀನಿ." ಟೀ ಬಂತು. ಕುಡಿದೆ. ಇನ್ನೂ ಕೂತಿರಿ ಅಂದಳು. ಅಂಗಡಿಯವರ ಜೊತೆ ಈರುಳ್ಳಿ ರೇಟು ಮಾತಾಡಿದಳು, ಅವರ ಮಗಳ ಮದುವೆ ವಿಚಾರಿಸಿದಳು. ಕಾಲು ಗಂಟೆ ಪೂರಾ ಆದ ಮೇಲೆ ತಿರುಗಿ ನೋಡಿ, "ಈಗ ಏಳಿ," ಅಂದಳು. ಸಂತೆಯಲ್ಲಿ ಅವಳಪ್ಪ ಎತ್ತಿಗೆ ಹೇಳುತ್ತಿದ್ದ ಅದೇ ದನಿ.

ಎದ್ದೆ. ಬಲಗಾಲು ಮೆಟ್ಟಿಲಿಗಿಟ್ಟೆ, ಎಡಗಾಲು ನೆಲಕ್ಕಿಟ್ಟೆ. ಯಾವ ಆಸರೆಯೂ ಇಲ್ಲದೆ, ಮದುಮಗ ಕುದುರೆಯಿಂದ ಇಳಿದ ಹಾಗೆ ಇಳಿದು ನಿಂತೆ.

ಗೌರಮ್ಮ ಅಂಗಡಿಯವರಿಗೆ, "ಕೈ ಹಿಡೀಲಿಲ್ಲ ನೋಡಪ್ಪ," ಅಂದಳು. ಆಮೇಲೆ ನನಗೆ, "ಇದನ್ನೇ ಹೊಡ್ಕಂಡ್ ಹೋಗಾಣ."

ಗಾಡಿ ಊರಿಗೆ ಬಂದ ದಿನ ಮಲ್ಲಪ್ಪ ಬೇಲಿಯ ಹತ್ತಿರ ನಿಂತಿದ್ದ. "ಏನ್ ಗೌಡ್ರೆ, ಇದಕ್ ಹಲ್ ಬಂದೈತಾ?"

"ನಿಂದಕ್ಕೆ ಉದುರ್ತಾ ಐತಂತಲ್ಲ, ಅದುನ್ ನೋಡ್ಕ ಹೋಗೋ," ಅಂದೆ.

ಮುಂಗಾರಿನ ಮಳೆ ನಿಂತ ಎರಡನೆಯ ದಿನ ಮಣ್ಣು ಹಿಸುಕಿ ನೋಡಿದೆ. ಉಂಡೆಯಾಯಿತು, ಬೆರಳಿಗೆ ಅಂಟಲಿಲ್ಲ. ಅವತ್ತೇ ಉತ್ತೆ. ಇಂಥ ಮಣ್ಣಿಗೆ ಇಷ್ಟು ಚಿಕ್ಕ ಗಾಡಿ ಸಾಲದು ಎಂದವರಿಗೆ ನಾನು ಕಂಡುಕೊಂಡದ್ದು ಇಷ್ಟು: ಹದವಿದ್ದಾಗ ಚಿಕ್ಕದೂ ಸಾಕು, ಹದ ತಪ್ಪಿದ ಮೇಲೆ ತಾನೇ ದೊಡ್ಡದು ಬೇಕಾಗುವುದು. ಮಲ್ಲಪ್ಪ ಆ ಹೊತ್ತಿಗೆ ಭಾವಮೈದುನನ ಹೊಲದಲ್ಲಿದ್ದ. ಈಗ ಅವನ ಅಡಿಕೆ ಸಾಲಿನ ನಡುವೆ ಉಳಲು ನನ್ನ ಗಾಡಿಯೇ ಬೇಕು. ಫೋನ್ ಮಾಡುತ್ತಾನೆ. "ಬತ್ತೀನಿ ಕಣೋ, ನಿನ್ ತೋಟ ಎಲ್ಲಿಗ್ ಓಡೋಯ್ತದೆ?" ಅನ್ನುತ್ತೇನೆ.

ಇನ್ನು ಆ ಕಲ್ಲು. ನೀವು ಟವೆಲಿನ ಮೇಲೆ ಅನುಮಾನ ಪಟ್ಟಿರುತ್ತೀರಿ, ಇಲ್ಲವೇ ಸೀಟಿಗೆ ಬಂದ ಕಾಫಿಯ ಮೇಲೆ. ಅವೆಲ್ಲ ನಿಜ. ಜೀಪೂ ನಿಜ. ಸುಳ್ಳು ಎಂದರೆ, ಅಜ್ಜಂಪುರದಲ್ಲಿ ಯಾವ ಆಸರೆಯೂ ಇಲ್ಲದೆ ಇಳಿದೆ ಎಂದೆನಲ್ಲ, ಅದೊಂದೇ. ಬಲಗಾಲು ಮೆಟ್ಟಿಲಿಗಿಟ್ಟ ಮೇಲೆ ಮಂಡಿ ಅಲ್ಲೇ ನಿಂತುಬಿಟ್ಟಿತ್ತು, ಒಂದು ಉಸಿರಲ್ಲ, ನಾಲ್ಕು ಉಸಿರು. ಆಗ ಗೌರಮ್ಮ ಟೈರು ನೋಡುವವಳ ಹಾಗೆ ಬಂದು, ನನಗೆ ಬೆನ್ನು ಮಾಡಿ, ಸೆರಗು ಸರಿಮಾಡಿಕೊಳ್ಳುತ್ತ ನಿಂತಳು. ಅವಳ ಹೆಗಲು ಸರಿಯಾಗಿ ನನ್ನ ಅಂಗೈಯ ಎತ್ತರಕ್ಕಿತ್ತು. ಹಿಡಿದೆ, ಇಳಿದೆ. ತಿರುಗಿಯೂ ನೋಡದೆ ಅವಳು ಅಂಗಡಿಯವರಿಗೆ ಹೇಳಿದ ಮಾತು ಮಾತ್ರ ನಾನು ಬರೆದ ಹಾಗೆಯೇ ಇತ್ತು: ಕೈ ಹಿಡೀಲಿಲ್ಲ ನೋಡಪ್ಪ.

ಮಂಡಿ ಹೋದ ಎತ್ತೆಂದು ತಿಳಿದೂ ದಲ್ಲಾಳಿಯ ಮಗಳು ಹಗ್ಗ ವಾಪಸ್ ಕೊಡಲಿಲ್ಲ.